ತಾನಾಗಿ ಹೊರಳುವ ಕತ್ತು



ನಮ್ಮ ಭಾಷೆಯಲ್ಲಿ ಕತ್ತಿನ ಚಲನೆಗೆ ಇರುವಷ್ಟು ಅರ್ಥ ಬೇರೆ ಯಾವ ಅಂಗದ ಚಲನೆಗೂ ಇಲ್ಲವೆಂದು ತೋರುತ್ತದೆ. ತಲೆದೂಗಿದರೆ ಮೆಚ್ಚುಗೆ, ತಲೆ ತಗ್ಗಿಸಿದರೆ ನಾಚಿಕೆ ಅಥವಾ ಅವಮಾನ, ತಲೆಯೆತ್ತಿ ನಡೆದರೆ ಗೌರವ, ಮುಖ ತಿರುಗಿಸಿಕೊಂಡರೆ ತಿರಸ್ಕಾರ. ಹೀಗಿರುವಾಗ ಒಬ್ಬ ವ್ಯಕ್ತಿಯ ಕತ್ತು ಅವನ ಇಚ್ಛೆಯನ್ನು ಕೇಳದೆಯೇ ಒಂದು ಬದಿಗೆ ಹೊರಳತೊಡಗಿದರೆ ಏನಾದೀತೆಂಬುದನ್ನು ತಾವು ಊಹಿಸಬಹುದು. ಎದುರಿಗೆ ಕುಳಿತವರೊಡನೆ ಮಾತನಾಡುವಾಗ ಮುಖ ಆಚೆಗೆ ಸರಿದರೆ ಅದನ್ನು ಅಹಂಕಾರವೆನ್ನುತ್ತಾರೆ. ಕಿಕ್ಕಿರಿದ ರೈಲಿನಲ್ಲಿ ಪಕ್ಕದವರ ಕಡೆಗೇ ಮುಖ ತಿರುಗಿದರೆ ದುರುಗುಟ್ಟಿ ನೋಡುತ್ತಿದ್ದಾನೆಂದು ಜಗಳಕ್ಕೆ ಬರುತ್ತಾರೆ. ನೋವಿಗಿಂತ ಮೊದಲು ಅಪಾರ್ಥವೇ ಬಂದು ನಿಲ್ಲುವ ಕಾಯಿಲೆ ಇದು.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸರ್ವೈಕಲ್ ಡಿಸ್ಟೋನಿಯಾ ಎಂದು ಹೆಸರು. ಹಳೆಯ ಗ್ರಂಥಗಳು ಇದನ್ನು ಸ್ಪಾಸ್ಮೋಡಿಕ್ ಟಾರ್ಟಿಕಾಲಿಸ್ ಎಂದು ಕರೆದಿವೆ. ಟಾರ್ಟಿಕಾಲಿಸ್ ಎಂಬ ಲ್ಯಾಟಿನ್ ಮೂಲದ ಪದಕ್ಕೆ ತಿರುಚಿದ ಕತ್ತು ಎಂದೇ ಅರ್ಥ. ಕನ್ನಡದಲ್ಲಿ ವಕ್ರಗ್ರೀವ ಎನ್ನಬಹುದು. ಇದು ಮನೆಮನೆಯಲ್ಲಿ ಕಾಣುವ ರೋಗವಲ್ಲ. ಪ್ರಾಣಕ್ಕೆ ನೇರವಾಗಿ ಅಪಾಯ ತರುವಂಥದೂ ಅಲ್ಲ. ಆದರೂ ಇದನ್ನೇ ಇಂದಿನ ಮಾತಿಗೆ ಆರಿಸಿಕೊಳ್ಳಲು ಒಂದು ಕಾರಣವಿದೆ. ಈ ಕಾಯಿಲೆಗೆ ತಕ್ಕಮಟ್ಟಿಗೆ ಒಳ್ಳೆಯ ಚಿಕಿತ್ಸೆ ಇಂದು ನಮ್ಮ ದೊಡ್ಡ ನಗರಗಳಲ್ಲಿ ದೊರೆಯುತ್ತದೆ. ಆದರೆ ರೋಗಿಯು ಆ ಚಿಕಿತ್ಸೆಯ ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲಿ ಅನೇಕ ವೇಳೆ ವರ್ಷಗಳೇ ಕಳೆದಿರುತ್ತವೆ. ಆ ವರ್ಷಗಳು ಎಲ್ಲಿ ಹೋಗುತ್ತವೆ ಎಂಬುದೇ ನನ್ನ ಮಾತಿನ ಮುಖ್ಯ ವಸ್ತು.

ಸುಮಾರು 45 ವರ್ಷದ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ನಡುವಯಸ್ಸಿನಲ್ಲಿ. ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಕಚೇರಿಯಲ್ಲಿ ಬರೆಯುತ್ತಿರುವಾಗ ತಲೆ ಬಲಕ್ಕೆ ಎಳೆದಂತಾಗುತ್ತದೆ. ರಾತ್ರಿ ಮಲಗಿದ ಭಂಗಿ ಸರಿಯಿರಲಿಲ್ಲವೆಂದು ಆಕೆ ದಿಂಬನ್ನು ಬದಲಾಯಿಸುತ್ತಾಳೆ. ಮನೆಯವರ ಗಮನಕ್ಕೆ ಬರುವುದು ಪ್ರಾಯಶಃ ಯಾವುದೋ ಮದುವೆಯ ಭಾವಚಿತ್ರದಲ್ಲಿ: ಎಲ್ಲರೂ ನೇರ ನೋಡುತ್ತಿರುವಾಗ ಈಕೆಯ ಗದ್ದ ಮಾತ್ರ ಭುಜದ ಕಡೆಗೆ ಸರಿದಿದೆ. ಕೆಲವು ತಿಂಗಳುಗಳಲ್ಲಿ ಎಳೆತ ಬಲವಾಗುತ್ತದೆ. ತಲೆಯನ್ನು ಮಧ್ಯಕ್ಕೆ ತಂದರೆ ಅದು ಅದುರುತ್ತದೆ. ಬಿಟ್ಟರೆ ಮತ್ತೆ ಬಲಕ್ಕೇ ಹೊರಳುತ್ತದೆ. ಕತ್ತಿನ ಹಿಂಭಾಗದಲ್ಲಿಯೂ ಭುಜದಲ್ಲಿಯೂ ನೋವು ಮನೆಮಾಡುತ್ತದೆ. ಕೆಲವರಲ್ಲಿ ಕತ್ತು ತಿರುಗುವ ಬದಲು ಕಿವಿ ಭುಜದತ್ತ ವಾಲುತ್ತದೆ. ಕೆಲವರಲ್ಲಿ ಗದ್ದ ಎದೆಗೆ ಇಳಿಯುತ್ತದೆ. ಇನ್ನು ಕೆಲವರಲ್ಲಿ ತಲೆ ಹಿಂದಕ್ಕೆ ಬಾಗಿ ಮುಖ ಸೂರಿನ ಕಡೆಗೆ ಏಳುತ್ತದೆ. ಅನೇಕರಲ್ಲಿ ಇವೆಲ್ಲ ಬೆರೆತಿರುತ್ತವೆ.

ಕತ್ತು ಏಕೆ ಹೀಗೆ ವರ್ತಿಸುತ್ತದೆಂಬುದನ್ನು ತಿಳಿಯಲು ಅದರ ರಚನೆಯನ್ನು ಸ್ವಲ್ಪ ನೋಡಬೇಕು. ಸುಮಾರು 5 ಕಿಲೋಗ್ರಾಂ ತೂಕದ ತಲೆಯನ್ನು 7 ಸಣ್ಣ ಎಲುಬುಗಳ ಮೇಲೆ ನಿಲ್ಲಿಸಿ, ಸುತ್ತಲೂ ಸ್ನಾಯುಗಳಿಂದ ಬಿಗಿದಿದೆ. ಜಾತ್ರೆಯ ಚಪ್ಪರಕ್ಕೆ ಎತ್ತರದ ಕಂಬವನ್ನು ನಿಲ್ಲಿಸುವುದನ್ನು ತಾವು ನೋಡಿರಬಹುದು. ನಾಲ್ಕು ಕಡೆಗೂ ಹಗ್ಗ ಹಿಡಿದು ಜನ ನಿಂತಿರುತ್ತಾರೆ; ಒಂದು ಕಡೆಯವರು ಎಳೆದಾಗ ಎದುರು ಕಡೆಯವರು ಅಷ್ಟೇ ಸಡಿಲಿಸಬೇಕು. ನಮ್ಮ ಪ್ರತಿಯೊಂದು ಚಲನೆಯಲ್ಲಿಯೂ ನಡೆಯುವುದು ಇದೇ. ಎಡ ಕಿವಿಯ ಹಿಂದಿನಿಂದ ಎದೆಯೆಲುಬಿನವರೆಗೆ ಪಟ್ಟಿಯಂತೆ ಇಳಿಯುವ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಎಂಬ ಸ್ನಾಯು ಬಿಗಿದಾಗ ಮುಖ ಬಲಕ್ಕೆ ತಿರುಗುತ್ತದೆ. ಎಡದ ಸ್ನಾಯು ಬಲಕ್ಕೆ ತಿರುಗಿಸುತ್ತದೆ ಎಂಬುದು ಕೇಳಲು ವಿಚಿತ್ರವೆನಿಸಿದರೂ, ಕನ್ನಡಿಯ ಮುಂದೆ ನಿಂತು ಮುಖವನ್ನು ಬಲಕ್ಕೆ ಹೊರಳಿಸಿ ಎಡಗತ್ತನ್ನು ಮುಟ್ಟಿ ನೋಡಿದರೆ ಆ ಪಟ್ಟಿ ಕೈಗೆ ಸಿಗುತ್ತದೆ. ಅದರೊಡನೆ ಬಲಗತ್ತಿನ ಹಿಂಬದಿಯ ಸ್ಪ್ಲೀನಿಯಸ್ ಎಂಬ ಸ್ನಾಯುವೂ ಕೂಡಿಕೊಳ್ಳುತ್ತದೆ. ಇವುಗಳಿಗೆ ಎದುರಾದ ಸ್ನಾಯುಗಳು ಆಗ ಸಡಿಲಗೊಳ್ಳಬೇಕು.

ಯಾವುದು ಬಿಗಿಯಬೇಕು, ಯಾವುದು ಸಡಿಲಗೊಳ್ಳಬೇಕು ಎಂಬ ಅಪ್ಪಣೆ ಮೆದುಳಿನಿಂದ ಬರುತ್ತದೆ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳೂ ಕಿರುಮೆದುಳೂ ಮೆದುಳಿನ ಹೊರಪದರವೂ ಸೇರಿದ ಒಂದು ಜಾಲವು ಬೇಕಾದ ಚಲನೆಯನ್ನು ಬಿಟ್ಟು ಬೇಡವಾದುದನ್ನು ತಡೆಯುತ್ತದೆ. ಡಿಸ್ಟೋನಿಯಾದಲ್ಲಿ ಈ ತಡೆಯುವ ಕಾರ್ಯ ದುರ್ಬಲವಾಗುತ್ತದೆ. ಬೇಡವಾದ ಸ್ನಾಯು ಬಿಗಿಯುತ್ತದೆ, ಎದುರಿನದು ಸಡಿಲಗೊಳ್ಳುವ ಬದಲು ತಾನೂ ಬಿಗಿಯುತ್ತದೆ. ತಲೆ ಹೊರಳುತ್ತದೆ, ಅದುರುತ್ತದೆ. ಮೆದುಳಿನ ಸ್ಕ್ಯಾನ್ ತೆಗೆಸಿದರೆ ಬಹುತೇಕ ರೋಗಿಗಳಲ್ಲಿ ಯಾವ ದೋಷವೂ ಕಾಣುವುದಿಲ್ಲ. ವಾದ್ಯದ ತಂತಿಯೊಂದೂ ಹರಿದಿಲ್ಲ, ಶ್ರುತಿ ಮಾತ್ರ ಕೆಟ್ಟಿದೆ ಎನ್ನಬಹುದು. ಡಿಸ್ಟೋನಿಯಾ ಎಂಬ ಗ್ರೀಕ್ ಮೂಲದ ಪದದಲ್ಲಿಯೂ ಸ್ನಾಯುವಿನ ಬಿಗಿತದ ಪ್ರಮಾಣ ಕೆಟ್ಟಿದೆಯೆಂಬ ಭಾವವೇ ಇದೆ.

ಇನ್ನು ಈ ರೋಗದ ಅತ್ಯಂತ ವಿಲಕ್ಷಣವಾದ ಲಕ್ಷಣಕ್ಕೆ ಬರುತ್ತೇನೆ. ಬಲವಂತವಾಗಿ ಹಿಡಿದು ತಿರುಗಿಸಿದರೂ ನೇರ ನಿಲ್ಲದ ಕತ್ತು, ರೋಗಿಯು ತನ್ನ ಒಂದು ಬೆರಳನ್ನು ಗದ್ದಕ್ಕೋ ಕೆನ್ನೆಗೋ ಮೆಲ್ಲಗೆ ಮುಟ್ಟಿಸಿಕೊಂಡ ಕೂಡಲೇ ನೇರವಾಗುತ್ತದೆ. ಕೆಲವರಿಗೆ ತಲೆಯ ಹಿಂಬದಿಯನ್ನು ಮುಟ್ಟಿದರೆ ಸಾಕು. ಕೆಲವರಿಗೆ ಕುರ್ಚಿಯ ಬೆನ್ನಿಗೆ ತಲೆಯಾನಿಸಿದರೆ ಸಾಕು. ಇಲ್ಲಿ ಕೈಯ ಬಲ ಕೆಲಸ ಮಾಡುತ್ತಿಲ್ಲ. ಬೆರಳು ಗದ್ದವನ್ನು ತಲುಪುವ ಮೊದಲೇ, ಕೈ ಮೇಲೇಳುತ್ತಿರುವಾಗಲೇ ಕತ್ತು ಸಡಿಲಗೊಳ್ಳುವುದನ್ನು ವೈದ್ಯರು ಕಂಡಿದ್ದಾರೆ. ಚರ್ಮದಿಂದ ಬರುವ ಸ್ಪರ್ಶದ ಸುದ್ದಿಯು ಮೆದುಳಿನ ಲೆಕ್ಕಾಚಾರವನ್ನು ಒಂದು ಕ್ಷಣ ತಿದ್ದುತ್ತದೆ ಎಂದು ಇದನ್ನು ವಿವರಿಸುತ್ತಾರೆ. ಇದಲ್ಲದೆ, ನಿದ್ರೆಯಲ್ಲಿ ಹೊರಳುವಿಕೆ ನಿಲ್ಲುತ್ತದೆ. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತು ಕತ್ತು ಹಗುರವಾಗಿರುತ್ತದೆ. ನಡೆದಾಗ, ಬರೆದಾಗ, ದಣಿದಾಗ, ನಾಲ್ಕು ಜನರ ಮುಂದೆ ನಿಂತಾಗ ಉಲ್ಬಣಗೊಳ್ಳುತ್ತದೆ.

ನೋಡುವವರ ದೃಷ್ಟಿಯಿಂದ ಇದನ್ನು ಯೋಚಿಸಿ ನೋಡಿ. ಬೆರಳು ಮುಟ್ಟಿದರೆ ಸರಿಹೋಗುವ ಕತ್ತು, ನಿದ್ರೆಯಲ್ಲಿ ನೆಟ್ಟಗಿರುವ ಕತ್ತು, ನೆಂಟರು ಬಂದಾಗ ಮಾತ್ರ ಜೋರಾಗಿ ಹೊರಳುವ ಕತ್ತು. ಇದು ನಟನೆಯಲ್ಲದೆ ಮತ್ತೇನು ಎಂದು ಮನೆಯವರಿಗೆ ಅನ್ನಿಸಿದರೆ ಅವರನ್ನು ಪೂರ್ಣವಾಗಿ ದೂರುವಂತಿಲ್ಲ. ಏಕೆಂದರೆ ಹೆಸರಾಂತ ವೈದ್ಯರಿಗೂ ಹಾಗೆಯೇ ಅನ್ನಿಸಿತ್ತು. 1894ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬ್ರಿಸೋ ಎಂಬ ವೈದ್ಯರು ಈ ಬೆರಳಿನ ತಂತ್ರವನ್ನು ವಿವರಿಸಿದಾಗ, ಇಷ್ಟು ಹಗುರವಾದ ಸ್ಪರ್ಶಕ್ಕೆ ಮಣಿಯುವ ರೋಗ ಮನಸ್ಸಿನದೇ ಇರಬೇಕೆಂದು ಅದನ್ನು ಮಾನಸಿಕ ವಕ್ರಗ್ರೀವ ಎಂದು ಕರೆದರು. 1911ರಲ್ಲಿ ಜರ್ಮನಿಯ ಹರ್ಮನ್ ಒಪ್ಪೆನ್‌ಹೈಮ್ ಅವರು ಮೈಯನ್ನೇ ತಿರುಚುವ ಒಂದು ರೋಗವನ್ನು ವರ್ಣಿಸಿ, ಡಿಸ್ಟೋನಿಯಾ ಎಂಬ ಪದವನ್ನು ಬಳಕೆಗೆ ತಂದು, ಇದು ಶರೀರದ ರೋಗವೆಂದು ವಾದಿಸಿದರು. ಆದರೂ ಮುಂದಿನ ಅನೇಕ ದಶಕಗಳ ಕಾಲ ಈ ರೋಗಿಗಳಲ್ಲಿ ಬಹಳ ಮಂದಿ ಮನೋವಿಶ್ಲೇಷಕರ ಬಳಿ ಹೋಗಿ ತಮ್ಮ ಬಾಲ್ಯದ ಕಥೆಯನ್ನು ಹೇಳಬೇಕಾಯಿತು. ಯಾವುದರಿಂದ ಮುಖ ತಿರುಗಿಸಿಕೊಳ್ಳುತ್ತಿದ್ದೀರಿ ಎಂಬ ಪ್ರಶ್ನೆಯನ್ನು ಎದುರಿಸಬೇಕಾಯಿತು. 1970ರ ದಶಕದಲ್ಲಿ ಲಂಡನ್ನಿನ ಡೇವಿಡ್ ಮಾರ್ಸ್‌ಡೆನ್ ಅವರು ವಯಸ್ಕರಲ್ಲಿ ಕಾಣುವ ಕತ್ತಿನ ಹೊರಳುವಿಕೆ, ಕಣ್ಣು ಬಿಗಿಮುಚ್ಚುವಿಕೆ, ಬರೆಯುವಾಗ ಕೈ ಸೆಟೆಯುವಿಕೆ ಮುಂತಾದವು ಒಂದೇ ರೋಗದ ಬೇರೆ ಬೇರೆ ಮುಖಗಳೆಂದು ತೋರಿಸಿದ ಮೇಲೆ ಅಭಿಪ್ರಾಯ ಬದಲಾಗತೊಡಗಿತು. 1997ರಲ್ಲಿ, ಎಳೆಯ ವಯಸ್ಸಿನಲ್ಲಿ ಕೈಕಾಲುಗಳಿಂದ ಆರಂಭವಾಗುವ ಡಿಸ್ಟೋನಿಯಾಕ್ಕೆ ಕಾರಣವಾದ ಒಂದು ವಂಶವಾಹಿ ಪತ್ತೆಯಾಯಿತು. ನಡುವಯಸ್ಸಿನ ಕತ್ತಿನ ರೋಗಕ್ಕೆ ಬಹುಪಾಲು ಜನರಲ್ಲಿ ಇಂಥ ಒಂದೇ ಕಾರಣ ಸಿಗದಿದ್ದರೂ, ನರಮಂಡಲದ ರೋಗವೆಂಬ ವಿಷಯದಲ್ಲಿ ಈಗ ಸಂಶಯವಿಲ್ಲ. ನಟನೆಯ ಸಾಕ್ಷ್ಯವೆಂದು ಭಾವಿಸಲಾಗಿದ್ದ ಆ ಬೆರಳಿನ ತಂತ್ರವೇ ಇಂದು ರೋಗವನ್ನು ಗುರುತಿಸಲು ವೈದ್ಯರು ಹುಡುಕುವ ಪ್ರಮುಖ ಚಿಹ್ನೆಗಳಲ್ಲೊಂದು.

ನಮ್ಮ ನಾಡಿನಲ್ಲಿ ಆ ವರ್ಷಗಳು ಎಲ್ಲಿ ಕಳೆಯುತ್ತವೆ? ಮೊದಲಿನದು ಎಕ್ಸ್‌-ರೇ ಕೋಣೆಯಲ್ಲಿ. ನಲವತ್ತು ದಾಟಿದವರ ಕತ್ತಿನ ಚಿತ್ರ ತೆಗೆಸಿದರೆ ಎಲುಬಿನ ಅಂಚಿನಲ್ಲಿ ಒಂದಿಷ್ಟು ಸವಕಳಿ ಕಾಣುವುದು ಸರ್ವೇಸಾಮಾನ್ಯ. ಅದನ್ನು ನೋಡಿ ಸ್ಪಾಂಡಿಲೈಟಿಸ್ ಎಂದು ಹೆಸರಿಟ್ಟು ಕೊರಳಪಟ್ಟಿ ಕಟ್ಟಿಸಿದರೆ ರೋಗಿಯು ತಿಂಗಳುಗಟ್ಟಲೆ ಆ ಪಟ್ಟಿಯೊಡನೆಯೇ ಗುದ್ದಾಡಬೇಕಾಗುತ್ತದೆ. ಎಲುಬು ಸವೆದರೆ ಕತ್ತು ನೋಯಬಹುದು, ತಿರುಗಿಸಲು ಕಷ್ಟವಾಗಬಹುದು. ಆದರೆ ಅದು ತಾನಾಗಿ ಒಂದೇ ದಿಕ್ಕಿಗೆ ಹೊರಳಿ ಅದುರುವುದಿಲ್ಲ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಎಷ್ಟೋ ಕಾಲ ಉಳಿಯುತ್ತದೆ.

ಎರಡನೆಯದು ಉಳುಕು ತೆಗೆಯುವವರ ಬಳಿ. ಕಾಲು ಮುಂದಾಗಿ ಹುಟ್ಟಿದವರು ಮುಟ್ಟಿದರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಮುಟ್ಟುವುದರಿಂದ ಹಾನಿಯಿಲ್ಲ. ಆದರೆ ಕ್ಷೌರದಂಗಡಿಯಲ್ಲೋ ಮಾಲೀಸಿನವರ ಬಳಿಯೋ ತಲೆಯನ್ನು ಎರಡು ಕೈಗಳಲ್ಲಿ ಹಿಡಿದು ಥಟ್ಟನೆ ತಿರುವಿ ನೆಟಿಗೆ ಮುರಿಸಿಕೊಳ್ಳುವುದು ಬೇರೆಯೇ ವಿಷಯ. ಕತ್ತಿನ ಎಲುಬುಗಳ ರಂಧ್ರಗಳ ಮೂಲಕ ಮೆದುಳಿಗೆ ರಕ್ತವನ್ನೊಯ್ಯುವ ಎರಡು ನಾಳಗಳು ಸಾಗುತ್ತವೆ. ಇಂಥ ಹಠಾತ್ ತಿರುವಿನಿಂದ ಆ ನಾಳದ ಒಳಪದರ ಹರಿದು ಲಕ್ವ ಹೊಡೆದ ನಿದರ್ಶನಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆರೋಗ್ಯವಂತರಿಗೂ ಈ ಅಭ್ಯಾಸ ಒಳ್ಳೆಯದಲ್ಲ. ವಕ್ರಗ್ರೀವದ ರೋಗಿಗಂತೂ ಸರ್ವಥಾ ಸಲ್ಲದು.

ಮೂರನೆಯದು ಗಾಳಿ, ದೃಷ್ಟಿ, ಮೈಮೇಲೆ ಬರುವುದು ಎಂಬ ತಿಳುವಳಿಕೆಯಲ್ಲಿ. ಇಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಒಂದು ಬಗೆಯ ಕತ್ತಿನ ಹೊರಳುವಿಕೆ ಹಠಾತ್ತನೆ, ಒಂದೇ ಸಂಜೆಯಲ್ಲಿ ಬರುತ್ತದೆ. ವಾಂತಿಯಾಗುತ್ತಿದ್ದ ಹದಿಹರೆಯದ ಹುಡುಗಿಗೆ ಔಷಧದಂಗಡಿಯಿಂದ ಮಾತ್ರೆ ತಂದು ಕೊಟ್ಟಿರುತ್ತಾರೆ. ಕೆಲವು ಗಂಟೆಗಳಲ್ಲಿ ಅಥವಾ ಮರುದಿನ ಆಕೆಯ ಕತ್ತು ಒಂದು ಬದಿಗೆ ಸೆಟೆದುಕೊಳ್ಳುತ್ತದೆ, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ, ನಾಲಿಗೆ ಹೊರಳುತ್ತದೆ, ದವಡೆ ಬಿಗಿಯುತ್ತದೆ. ಪ್ರಜ್ಞೆ ಮಾತ್ರ ಪೂರ್ಣವಾಗಿರುತ್ತದೆ. ನೋಡಿದವರಿಗೆ ಭೂತ ಹಿಡಿದಂತೆಯೇ ಕಾಣುತ್ತದೆಂಬುದನ್ನು ಒಪ್ಪಬೇಕು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೈನ್, ಮನೋರೋಗಕ್ಕೆ ಕೊಡುವ ಹ್ಯಾಲೋಪೆರಿಡಾಲ್ ಮುಂತಾದ ಔಷಧಗಳು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವುದರಿಂದ ಕೆಲವರಲ್ಲಿ, ಅದರಲ್ಲೂ ಎಳೆಯರಲ್ಲಿ, ಹೀಗಾಗುತ್ತದೆ. ಇದಕ್ಕೆ ಆಸ್ಪತ್ರೆಯಲ್ಲಿ ಪ್ರೊಮೆಥಜೈನ್‌ನಂತಹ ಒಂದು ಚುಚ್ಚುಮದ್ದು ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕತ್ತು ನೇರವಾಗುತ್ತದೆ. ಚುಚ್ಚುಮದ್ದು ಕೊಡದಿದ್ದರೂ, ಮಾತ್ರೆಯ ಪ್ರಭಾವ ಇಳಿದ ಹಾಗೆ ಒಂದೆರಡು ದಿನಗಳಲ್ಲಿ ತಾನಾಗಿ ಕಡಿಮೆಯಾಗುವುದೇ ಹೆಚ್ಚು. ಅಷ್ಟರಲ್ಲಿ ಯಾರೋ ತಾಯಿತ ಕಟ್ಟಿದ್ದರೆ ಕೀರ್ತಿಯೆಲ್ಲ ತಾಯಿತಕ್ಕೆ ಸಲ್ಲುತ್ತದೆ; ಅದೇ ಮಾತ್ರೆಯ ಮುಂದಿನ ಸರದಿಯಲ್ಲಿ ಅದೇ ಕಾಟ ಮರುಕಳಿಸುತ್ತದೆ. ಆದುದರಿಂದ ಹಠಾತ್ತಾಗಿ ಕತ್ತು ಸೆಟೆದಾಗ ಕೇಳಬೇಕಾದ ಮೊದಲ ಪ್ರಶ್ನೆ, ಕಳೆದ ಎರಡು ಮೂರು ದಿನಗಳಲ್ಲಿ ಯಾವ ಔಷಧ ಹೊಟ್ಟೆಗೆ ಹೋಗಿದೆ ಎಂಬುದು. ಮಾತ್ರೆಯ ಹಾಳೆಯನ್ನು ಎಸೆಯದೆ ವೈದ್ಯರ ಬಳಿಗೆ ಕೊಂಡೊಯ್ಯಿರಿ. ಮನೋರೋಗದ ಔಷಧವಾಗಿದ್ದರೆ ತಾವಾಗಿ ನಿಲ್ಲಿಸಬಾರದು. ವೈದ್ಯರು ಅದನ್ನು ಬದಲಾಯಿಸಿ ಕೊಡಬಲ್ಲರು.

ನಿಧಾನವಾಗಿ ಬರುವ ಡಿಸ್ಟೋನಿಯಾದಲ್ಲಿಯೂ ಇಂಥದೇ ಒಂದು ತೊಡಕಿದೆ. ಕೆಲವು ರೋಗಿಗಳಲ್ಲಿ ಮೊದಲ ಕೆಲವು ವರ್ಷಗಳೊಳಗೆ ಹೊರಳುವಿಕೆ ಯಾವ ಕಾರಣವೂ ಕಾಣದೆ ಇಳಿದುಬಿಡುತ್ತದೆ. ಆ ಹೊತ್ತಿಗೆ ಹರಕೆ ಹೊತ್ತಿದ್ದರೆ ಹರಕೆ, ಕಷಾಯ ಕುಡಿಯುತ್ತಿದ್ದರೆ ಕಷಾಯ ಗುಣಪಡಿಸಿತೆಂದು ಊರೆಲ್ಲ ಹಬ್ಬುತ್ತದೆ. ದುರ್ದೈವದಿಂದ ಅಂಥವರಲ್ಲಿ ಬಹುತೇಕರಿಗೆ ಅದು ಮತ್ತೆ ಮರಳುತ್ತದೆ. ಮರಳಿದ ಸುದ್ದಿ ಮಾತ್ರ ಅಷ್ಟು ದೂರ ಹಬ್ಬುವುದಿಲ್ಲ.

ಕತ್ತು ವಾಲುವ ಎಲ್ಲ ಸಂದರ್ಭಗಳೂ ಡಿಸ್ಟೋನಿಯಾ ಅಲ್ಲವೆಂಬುದನ್ನೂ ಹೇಳಬೇಕು. ಬೆಳಗ್ಗೆ ಏಳುವಾಗ ಕತ್ತು ಹಿಡಿದು ಕೆಲವು ದಿನಗಳಲ್ಲಿ ಬಿಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆಯುರ್ವೇದದಲ್ಲಿ ಕತ್ತಿನ ಸೆಡೆತವನ್ನು ಮನ್ಯಾಸ್ತಂಭವೆಂದು ಕರೆದಿದ್ದಾರೆ. ಹುಟ್ಟಿದ ಕೆಲವು ವಾರಗಳಲ್ಲಿ ಶಿಶುವಿನ ತಲೆ ಒಂದೇ ಕಡೆಗೆ ವಾಲುತ್ತಿದ್ದರೆ ಆ ಬದಿಯ ಸ್ನಾಯು ಗಿಡ್ಡವಾಗಿರಬಹುದು. ಬೇಗನೆ ತೋರಿಸಿ ಕ್ರಮಬದ್ಧವಾದ ವ್ಯಾಯಾಮ ಮಾಡಿಸಿದರೆ ಬಹುಪಾಲು ಮಕ್ಕಳು ಒಂದು ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತಾರೆ. ಜ್ವರದೊಡನೆ ಕತ್ತು ಸೆಟೆದರೆ, ಏಟು ಬಿದ್ದ ಮೇಲೆ ವಾಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಾಲ್ಯ ಅಥವಾ ಯೌವನದಲ್ಲಿ ಡಿಸ್ಟೋನಿಯಾ ಆರಂಭವಾದರೆ ವಿಲ್ಸನ್ ರೋಗವನ್ನು ಮರೆಯಬಾರದು. ಆಹಾರದಲ್ಲಿರುವ ತಾಮ್ರದ ಅಂಶವನ್ನು ದೇಹವು ಹೊರಹಾಕಲಾರದೆ ಪಿತ್ತಜನಕಾಂಗದಲ್ಲಿಯೂ ಮೆದುಳಿನಲ್ಲಿಯೂ ಸಂಗ್ರಹವಾಗುವ ಆನುವಂಶಿಕ ರೋಗವಿದು. ಮಾತು ತೊದಲುವುದು, ಕೈ ನಡುಗುವುದು, ಮೈ ತಿರುಚುವುದು ಇದರ ಲಕ್ಷಣಗಳು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಕಾಣಿಸಿಕೊಳ್ಳುವುದರಿಂದ, ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಇದರ ಸಂಭವ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ತಾವು ಪರೀಕ್ಷಿಸಿದ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಾಣುವ ಕಂದು ಬಣ್ಣದ ಉಂಗುರ, ರಕ್ತ ಮತ್ತು ಮೂತ್ರದ ಪರೀಕ್ಷೆ ಇವುಗಳಿಂದ ಇದನ್ನು ಪತ್ತೆ ಮಾಡಬಹುದು. ಪೆನಿಸಿಲಮಿನ್ ಮತ್ತು ಸತುವಿನ ಔಷಧಗಳಿಂದ ಚಿಕಿತ್ಸೆಯಿದೆ. ಅದನ್ನು ಆಯುಷ್ಯದುದ್ದಕ್ಕೂ ಸೇವಿಸಬೇಕು. ಮನೆಯಲ್ಲಿ ಒಬ್ಬ ಮಗುವಿಗೆ ಬಂದಿದ್ದರೆ ಅದರ ಒಡಹುಟ್ಟಿದವರನ್ನು ಲಕ್ಷಣಗಳಿಲ್ಲದಿದ್ದರೂ ಪರೀಕ್ಷಿಸಬೇಕು.

ಈಗ ವಕ್ರಗ್ರೀವದ ಮುಖ್ಯ ಚಿಕಿತ್ಸೆಗೆ ಬರೋಣ. ಇದರ ಕಥೆ ಆರಂಭವಾಗುವುದು ಒಂದು ಶವಸಂಸ್ಕಾರದ ಊಟದಿಂದ. 1895ರ ಡಿಸೆಂಬರ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ, ಶವಯಾತ್ರೆಗೆ ವಾದ್ಯ ನುಡಿಸಲು ಬಂದಿದ್ದವರು ಉಪ್ಪು ಹಾಕಿಟ್ಟ ಹಂದಿಮಾಂಸವನ್ನು ತಿಂದು ಕಾಯಿಲೆ ಬಿದ್ದರು. ಕಣ್ಣುರೆಪ್ಪೆ ಇಳಿಬಿತ್ತು, ನುಂಗಲಾಗದಾಯಿತು, ಮೈ ಸೋತಿತು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ಗಾಳಿಯಿಲ್ಲದೆಡೆ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಉತ್ಪಾದಿಸುವ ಬೊಟುಲಿನಮ್ ವಿಷವು ಮನುಷ್ಯನಿಗೆ ತಿಳಿದಿರುವ ಅತ್ಯಂತ ತೀಕ್ಷ್ಣವಾದ ವಿಷಗಳಲ್ಲೊಂದು. ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆಯನ್ನು ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳದಂತೆ ಅದು ತಡೆಯುತ್ತದೆ. ಅಪ್ಪಣೆ ತಲುಪದ ಸ್ನಾಯು ಸಡಿಲವಾಗುತ್ತದೆ.

ಇಡೀ ದೇಹವನ್ನು ಸೋಲಿಸುವ ಈ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ, ಬಿಗಿದಿರುವ ಒಂದೇ ಸ್ನಾಯುವಿಗೆ ಕೊಟ್ಟರೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಅವರು ಮೆಳ್ಳೆಗಣ್ಣನ್ನು ಸರಿಪಡಿಸಲು ಇದನ್ನು ಪ್ರಯೋಗಿಸಿ 1980ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1986ರಲ್ಲಿ ಕೆನಡಾದ ವ್ಯಾಂಕೂವರ್‌ನ ಜೋಸೆಫ್ ತ್ಸುಯಿ ಮತ್ತವರ ಸಂಗಡಿಗರು ಹೊರಳುವ ಕತ್ತಿಗೂ ಇದು ಉಪಯುಕ್ತವೆಂದು ತೋರಿಸಿದರು. 1989ರಲ್ಲಿ ಕಣ್ಣಿನ ತೊಂದರೆಗಳಿಗೂ 2000ದಲ್ಲಿ ಕತ್ತಿನ ಡಿಸ್ಟೋನಿಯಾಕ್ಕೂ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅನುಮತಿಯಿತ್ತಿತು. ಮುಖದ ಸುಕ್ಕು ಅಳಿಸಲು ಚಿತ್ರತಾರೆಯರು ಬಳಸುವರೆಂದು ಪತ್ರಿಕೆಗಳಲ್ಲಿ ಓದುವ ಬೊಟಾಕ್ಸ್ ಎಂಬುದು ಇದೇ ಔಷಧ. ಸುಕ್ಕಿನ ಮದ್ದೆಂಬ ಹೆಸರು ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ, ವೈದ್ಯರು ಕತ್ತಿಗೆ ಇದನ್ನು ಸೂಚಿಸಿದಾಗ ಶೋಕಿಗೆ ಹಣವೇಕೆ ಎಂದು ಕೇಳುವ ಹಿರಿಯರಿದ್ದಾರೆ. ರೋಗಿಗಳಿಗೆ ಬಂದದ್ದು ಮೊದಲು, ಸುಕ್ಕಿಗೆ ಹೋದದ್ದು ಅನಂತರ.

ಚಿಕಿತ್ಸೆಯ ವಿಧಾನ ಸರಳವೆನಿಸಿದರೂ ಕೌಶಲ ಬೇಡುವಂಥದು. ಯಾವ ಯಾವ ಸ್ನಾಯು ತಪ್ಪು ಮಾಡುತ್ತಿದೆಯೆಂದು ಮೊದಲು ಗುರುತಿಸಬೇಕು. ಇದಕ್ಕಾಗಿ ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ಯಂತ್ರವನ್ನೋ ಅಲ್ಟ್ರಾಸೌಂಡನ್ನೋ ಬಳಸುವುದುಂಟು. ಆಮೇಲೆ ಸಣ್ಣ ಸೂಜಿಯಿಂದ ಆಯಾ ಸ್ನಾಯುವಿಗೆ ಔಷಧವನ್ನು ಕೊಡುತ್ತಾರೆ. ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಅಂದೇ ಕತ್ತು ನೇರವಾಗುವುದಿಲ್ಲವೆಂಬುದನ್ನು ರೋಗಿ ತಿಳಿದಿರಬೇಕು. ಕೆಲವು ದಿನಗಳಿಂದ ಎರಡು ವಾರಗಳೊಳಗೆ ಎಳೆತ ಇಳಿಯತೊಡಗುತ್ತದೆ, ನೋವು ಕಡಿಮೆಯಾಗುತ್ತದೆ; ಸುಮಾರು ಮೂರು ತಿಂಗಳ ಬಳಿಕ ನರದ ತುದಿ ಚೇತರಿಸಿಕೊಂಡು ಎಳೆತ ಮರಳುತ್ತದೆ. ಆಗ ಮತ್ತೆ ಚುಚ್ಚಿಸಿಕೊಳ್ಳಬೇಕು. ಗುಣವಾಗಲಿಲ್ಲವಲ್ಲ ಎಂದು ಇಲ್ಲಿಯೇ ಕೆಲವರು ನಿರಾಶರಾಗಿ ಬಿಟ್ಟುಬಿಡುತ್ತಾರೆ. ಕನ್ನಡಕವನ್ನು ಕಣ್ಣಿನಿಂದ ತೆಗೆದರೆ ಅಕ್ಷರ ಮಸುಕಾಗುತ್ತದೆಂದು ನಾವು ಕನ್ನಡಕವನ್ನು ಎಸೆಯುವುದಿಲ್ಲ, ಇದೂ ಹಾಗೆಯೇ. ಮೊದಲ ಸಲ ಸಾಕಷ್ಟು ಫಲ ಕಾಣದಿದ್ದರೂ ಸ್ನಾಯುಗಳ ಆಯ್ಕೆಯನ್ನೂ ಪ್ರಮಾಣವನ್ನೂ ತಿದ್ದಿ ಎರಡನೆಯ ಮೂರನೆಯ ಸಲ ಉತ್ತಮ ಫಲ ಪಡೆಯಬಹುದು. ಆದರೆ ಬೇಗ ಬೇಗನೆ ಚುಚ್ಚಿಸಿಕೊಂಡರೆ ದೇಹವು ಔಷಧಕ್ಕೆ ಎದುರಾಗಿ ಪ್ರತಿಕಾಯಗಳನ್ನು ಬೆಳೆಸಿಕೊಂಡು ಅದು ನಿಷ್ಫಲವಾಗುವ ಸಂಭವವಿರುವುದರಿಂದ ಮೂರು ತಿಂಗಳ ಅಂತರವನ್ನು ಕಾಯ್ದುಕೊಳ್ಳುತ್ತಾರೆ.

ಅಡ್ಡಪರಿಣಾಮಗಳಲ್ಲಿ ಮುಖ್ಯವಾದುದು ನುಂಗುವಾಗ ಆಗುವ ತೊಂದರೆ. ಔಷಧವು ಗಂಟಲಿನ ಸ್ನಾಯುಗಳಿಗೆ ಹರಡಿದಾಗ ಹೀಗಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ಅಲ್ಲಿಯವರೆಗೆ ಮೆತ್ತಗಿನ ಅನ್ನ, ಗಂಜಿಯಂಥದನ್ನು ಸಣ್ಣ ತುತ್ತುಗಳಲ್ಲಿ ನಿಧಾನವಾಗಿ ತೆಗೆದುಕೊಳ್ಳಬೇಕು. ನೀರು ಕುಡಿದರೂ ನೆತ್ತಿಗೇರುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಗರ್ಭಿಣಿಯರೂ, ಮಯಸ್ಥೇನಿಯಾದಂತಹ ಸ್ನಾಯುದೌರ್ಬಲ್ಯದ ರೋಗವುಳ್ಳವರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಔಷಧದ ಬೆಲೆ ಇಂದಿಗೂ ಸಾಮಾನ್ಯ ಕುಟುಂಬಕ್ಕೆ ಹೊರೆಯೇ ಸರಿ. ಸಾರ್ವಜನಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿ ನೆರವಿನ ಯೋಜನೆಗಳ ಬಗ್ಗೆ ವಿಚಾರಿಸಲು ಸಂಕೋಚಪಡಬೇಕಾಗಿಲ್ಲ.

ಮಾತ್ರೆಗಳೂ ಇವೆ: ಟ್ರೈಹೆಕ್ಸಿಫೆನಿಡಿಲ್, ಬ್ಯಾಕ್ಲೋಫೆನ್, ಕ್ಲೊನಜೆಪಾಮ್ ಇತ್ಯಾದಿ. ಇವುಗಳಿಂದ ಕತ್ತಿನ ರೋಗಕ್ಕೆ ಸಿಗುವ ಉಪಶಮನ ಸೀಮಿತ. ಮೊದಲನೆಯದು ವಯಸ್ಸಾದವರಲ್ಲಿ ಮರೆವನ್ನೂ ಬಾಯಾರಿಕೆಯನ್ನೂ ತರಬಹುದು. ನುರಿತ ಭೌತಚಿಕಿತ್ಸಕರು ಕಲಿಸುವ ವ್ಯಾಯಾಮ ಚುಚ್ಚುಮದ್ದಿನೊಡನೆ ಸೇರಿದಾಗ ಉಪಯುಕ್ತ. ಇವಾವುದಕ್ಕೂ ಬಗ್ಗದ ತೀವ್ರ ರೋಗದಲ್ಲಿ ಮೆದುಳಿನ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗಕ್ಕೆ ಸೂಕ್ಷ್ಮ ತಂತಿಗಳನ್ನಿಳಿಸಿ, ಎದೆಯ ಚರ್ಮದಡಿಯಲ್ಲಿರಿಸಿದ ಬ್ಯಾಟರಿಯಿಂದ ಸದಾ ಮಂದ ವಿದ್ಯುತ್ತನ್ನು ಹರಿಸುವ ಶಸ್ತ್ರಚಿಕಿತ್ಸೆಯುಂಟು. ಇದರ ಫಲ ಕಾಣಲು ವಾರಗಳು, ತಿಂಗಳುಗಳು ಬೇಕಾಗಬಹುದು. ಇದು ಎಲ್ಲರಿಗೂ ಹೇಳಿದ ಚಿಕಿತ್ಸೆಯಲ್ಲ, ವೆಚ್ಚವೂ ಬಹಳ.

ಊರಿನಿಂದ ದೂರವಿರುವ ತಮ್ಮಲ್ಲಿ ಅನೇಕರು ಇಂಥ ಕಾಯಿಲೆ ಬಂದಾಗ ಮೊದಲು ರಜೆ ಹಾಕಿ ಊರಿಗೆ ಹೋಗುವುದನ್ನು ಬಲ್ಲೆ. ಭಾಷೆ ತಿಳಿದವರ ನಡುವೆ ಕಷ್ಟ ಹೇಳಿಕೊಳ್ಳುವುದು ಸುಲಭ, ನಿಜ. ಆದರೆ ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಚಿಕಿತ್ಸೆ ತಾವು ನೆಲೆಸಿದ ನಗರದಲ್ಲಿಯೇ ಇದ್ದರೆ ಮಾತ್ರ ತಪ್ಪದೆ ನಡೆಯುತ್ತದೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ನಿಜಾಮ್ಸ್ ಸಂಸ್ಥೆ, ಚೆನ್ನೈನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ ಇವುಗಳಲ್ಲಿ ನರರೋಗ ವಿಭಾಗಗಳಿವೆ. ಊರಿನಲ್ಲಿಯೇ ಇರುವ ಬಂಧುಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೂಳೆಯ ವೈದ್ಯರಿಂದ ನರರೋಗ ತಜ್ಞರ ಕಡೆಗೆ ಒಂದು ಚೀಟಿ ಬರೆಸಿಕೊಳ್ಳುವುದೇ ಅನೇಕ ವೇಳೆ ಅತ್ಯಂತ ಫಲಕಾರಿಯಾದ ಹೆಜ್ಜೆಯಾಗಿರುತ್ತದೆ.

ಮನೆಯವರು ಮಾಡಬಹುದಾದುದೂ ಇದೆ. ನೆಟ್ಟಗೆ ಕೂರು ಎಂದು ಹೇಳುವುದನ್ನು ನಿಲ್ಲಿಸಬೇಕು. ಬಲವಂತದಿಂದ ಕತ್ತನ್ನು ಹಿಡಿದಷ್ಟೂ ಎಳೆತವೂ ನೋವೂ ಹೆಚ್ಚುತ್ತವೆ. ಊಟಕ್ಕೆ ಕೂರುವಾಗ ರೋಗಿಯ ಮುಖ ಹೊರಳುವ ಬದಿಯಲ್ಲಿ ಕುಳಿತುಕೊಂಡರೆ ಮಾತು ಸಲೀಸಾಗುತ್ತದೆ. ಕಚೇರಿಯಲ್ಲಿ ಮೇಜನ್ನು ತುಸು ತಿರುಗಿಸಿ ಹಾಕಿಕೊಳ್ಳುವುದಕ್ಕೆ, ತಲೆಯಾನಿಸಲು ಬರುವ ಎತ್ತರದ ಕುರ್ಚಿಗೆ ಅನುಮತಿ ಕೇಳಬಹುದು. ಮುಖ ಎಡಕ್ಕೆ ಹೊರಳುವವರು ರಸ್ತೆ ದಾಟುವಾಗ ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ನಮ್ಮಲ್ಲಿ ವಾಹನ ಮೊದಲು ಬರುವುದು ಬಲದಿಂದ. ಸ್ಕೂಟರು, ಕಾರು ಓಡಿಸುವ ವಿಷಯವನ್ನು ವೈದ್ಯರೊಡನೆ ಬಿಚ್ಚಿ ಮಾತನಾಡತಕ್ಕದ್ದು.

ಈ ರೋಗಿಗಳಲ್ಲಿ ಖಿನ್ನತೆ ವಿಶೇಷವಾಗಿ ಕಾಣುತ್ತದೆ. ರೋಗ ಮನಸ್ಸಿನಿಂದ ಬಂದದ್ದೆಂದು 1894ರ ಮಾತಿಗೆ ಮರಳಲು ಇದು ಆಧಾರವಲ್ಲ. ಖಿನ್ನತೆಗೆ ತನ್ನದೇ ಆದ ಚಿಕಿತ್ಸೆಯಿದೆ, ಅದನ್ನೂ ಪಡೆಯಬೇಕು. ಮಾತನಾಡಲು ಯಾರೂ ಇಲ್ಲವೆನಿಸಿದಾಗ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮೊದಲ ಸಲ ನರರೋಗ ತಜ್ಞರ ಬಳಿ ಹೋಗುವಾಗ ಎರಡು ವಸ್ತುಗಳನ್ನು ಜೊತೆಯಲ್ಲಿ ಒಯ್ಯಿರಿ. ಒಂದು, ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರ: ರೋಗಿ ನಡೆಯುವಾಗ, ಬರೆಯುವಾಗ, ಗದ್ದಕ್ಕೆ ಬೆರಳು ಮುಟ್ಟಿಸಿಕೊಂಡಾಗ ಕತ್ತು ಹೇಗಿರುತ್ತದೆಂಬುದನ್ನು ಒಂದೆರಡು ನಿಮಿಷ ತೆಗೆದರೆ ಸಾಕು. ಆಸ್ಪತ್ರೆಯ ಕೋಣೆಯಲ್ಲಿ ಕತ್ತು ಕೆಲವೊಮ್ಮೆ ಸುಮ್ಮನಿದ್ದುಬಿಡುತ್ತದೆ. ಎರಡನೆಯದು ಇದುವರೆಗೆ ತೆಗೆದುಕೊಂಡ ಎಲ್ಲ ಔಷಧಗಳ ಪಟ್ಟಿ, ವಾಂತಿಯ ಮಾತ್ರೆಯೂ ಸೇರಿ. ಚುಚ್ಚುಮದ್ದು ಆರಂಭವಾದ ಮೇಲೆ ಒಂದು ಸಣ್ಣ ಪುಸ್ತಕದಲ್ಲಿ ಅದರ ತಾರೀಖು, ಎಳೆತ ಇಳಿದ ದಿನ, ಮರಳಿದ ದಿನ ಇಷ್ಟನ್ನು ಗುರುತು ಹಾಕಿಕೊಳ್ಳಿ. ಮುಂದಿನ ಸಲ ಎಷ್ಟು ಪ್ರಮಾಣ, ಯಾವ ಸ್ನಾಯುವಿಗೆ ಎಂಬುದನ್ನು ವೈದ್ಯರು ನಿರ್ಧರಿಸುವುದು ಆ ಪುಸ್ತಕವನ್ನು ನೋಡಿ.